ತನಿಖಾ ಶೆಡ್ಡಿನ ಮೊಳೆಗಳು

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ 9.40ಕ್ಕೆ ಗಡಿ ಠಾಣೆಗೆ ಆಸ್ಪತ್ರೆಯಿಂದ ಫೋನ್ ಬಂತು. ಆಚೆ ದೇಶದ ಲಾರಿಯೊಂದು ಹಳ್ಳಕ್ಕೆ ಬಿದ್ದಿತ್ತು. ಚಾಲಕನ ಬಲಗಾಲು ಎರಡು ಕಡೆ ಮುರಿದಿತ್ತು. ಇನ್‌ಸ್ಪೆಕ್ಟರ್ ದಫೇದಾರರನ್ನು ಕರೆದುಕೊಂಡು ಹೊರಟರು. ನೆರೆಯ ಐದು ದೇಶಗಳು ಸೇರಿ ಸುಂಕ ಕಿತ್ತುಹಾಕಿದ ಮೇಲೆ ಆ ಠಾಣೆಗೆ ಉಳಿದದ್ದು ಅವರಿಬ್ಬರು, ಒಂದು ಜೀಪು.

"ಕೊಲೆ ಪ್ರಯತ್ನ ಅಂತಲೇ ಬರ್ಕೊಳ್ಳಿ ಸಾರ್," ಎಂದ ಚಾಲಕ.

"ಯಾರ ಮೇಲೆ ಅನುಮಾನ?"

"ಯಾರ ಮೇಲೆ ಅಂತ ಹೇಳ್ಲಿ? ದಿನಾ ಮುನ್ನೂರು ಗಾಡಿ ಓಡಾಡ್ತವೆ. ಎರಡು ತಿಂಗಳಲ್ಲಿ ಮೂರು ಸಲ, ಅದೇ ಜಾಗದಲ್ಲಿ, ನನ್ನ ಗಾಡಿಗೇ ಪಂಕ್ಚರ್. ಮೊದಲೆರಡು ಸಲ ಹಿಂದಿನ ಚಕ್ರ, ಮೆಲ್ಲಗೆ ಗಾಳಿ ಹೋಯ್ತು. ಇವತ್ತು ಮುಂದಿಂದೇ ಸಿಡೀತು."

"ಮೊದಲು ಓಡಿ ಬಂದವರು ಯಾರು?"

"ಹಳೇ ತನಿಖಾ ಶೆಡ್ಡಿನ ಬಡಗಿ. ಮೂರೂ ಸಲ ಅವನೇ. ಜಾಕ್ ಹಿಡ್ಕೊಂಡೇ ಬರ್ತಾನೆ, ಪುಣ್ಯಾತ್ಮ."

ಹೊರಗೆ ಬಂದ ಮೇಲೆ ದಫೇದಾರರು ಮೀಸೆಯಲ್ಲೇ ನಕ್ಕರು. "ಮೋಡ ಕಟ್ಟೋ ಮುಂಚೆ ಕೊಡೆ ಬಿಚ್ಚೋ ಗಿರಾಕಿ ಸಾರ್ ಇವನು."

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ. ಹಳ್ಳದಲ್ಲಿ ಗೇಣುದ್ದದ ಹಲಗೆ ಸಿಕ್ಕಿತು. ಅದಕ್ಕೆ ಐದು ಮೊಳೆ ಹೊಡೆದಿತ್ತು. ಇನ್‌ಸ್ಪೆಕ್ಟರ್ ಒಂದನ್ನು ಬೆರಳಿನಿಂದ ಸವರಿದರು. ಒಮ್ಮೆ ಬಾಗಿದ್ದ ಮೊಳೆಯನ್ನು ಯಾರೋ ತಾಳ್ಮೆಯಿಂದ ತಟ್ಟಿ ನೆಟ್ಟಗೆ ಮಾಡಿದ್ದರು. ರಸ್ತೆಯಲ್ಲಿ ಹೊಸ ಡಾಂಬರಿನ ಪಟ್ಟಿಯಿತ್ತು. ಅಲ್ಲಿದ್ದ ರೋಡ್ ಹಂಪನ್ನು ಹೋದ ಗುರುವಾರವಷ್ಟೇ ತೆಗೆದಿದ್ದರು.

ಶೆಡ್ಡು ಅಲ್ಲಿಂದ ನಲವತ್ತು ಹೆಜ್ಜೆ. ಒಪ್ಪಂದಕ್ಕೆ ಮುಂಚೆ ಗಡಿ ದಾಟುವ ಪ್ರತಿ ಪೆಟ್ಟಿಗೆಯನ್ನೂ ಅಲ್ಲಿ ತೆರೆಯುತ್ತಿದ್ದರು. ಮುಚ್ಚಳ ಕಿತ್ತು, ಸುಂಕದ ಸಾಹೇಬರು ಸರಕು ನೋಡಿದ ಮೇಲೆ ಕಿತ್ತ ಮೊಳೆಯನ್ನೇ ನೆಟ್ಟಗೆ ಮಾಡಿ ಮತ್ತೆ ಹೊಡೆಯುವುದು ಬಡಗಿಯ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ್ದ. ಲಾರಿಗಳು ಎರಡು ಮೂರು ದಿನ ಸಾಲು ನಿಲ್ಲುತ್ತಿದ್ದವು, ಚಾಲಕರು ಶೆಡ್ಡಿನಲ್ಲೇ ಹೊತ್ತು ಕಳೆಯುತ್ತಿದ್ದರು. ಈಗ ನಲವತ್ತು ಸೆಕೆಂಡಿನಲ್ಲಿ ದಾಟುತ್ತವೆ.

ಒಳಗೆ ಡಬ್ಬಗಳ ತುಂಬ ಅಂಥವೇ ಮೊಳೆ. ಕಿಟಕಿಯ ಹತ್ತಿರ, ಪೆಟ್ಟಿಗೆಯ ಮುಚ್ಚಳದ ಮೇಲೆ ಮನೆ ಗೀಚಿ ಮಾಡಿದ ಚದುರಂಗ. ಆಟ ಅರ್ಧಕ್ಕೆ ನಿಂತಿತ್ತು, ಬಡಗಿ ಪಕ್ಕದಲ್ಲೇ ಕೂತಿದ್ದ. ಶೆಡ್ಡಿಗೆಲ್ಲ ಧೂಳು ಮೆತ್ತಿತ್ತು, ಕಾಯಿಗಳ ಮೇಲೆ ಮಾತ್ರ ಇರಲಿಲ್ಲ.

"ಯಾರ ಸರದಿ?" ಇನ್‌ಸ್ಪೆಕ್ಟರ್ ಕೇಳಿದರು.

"ಅವನದು," ಎಂದ ಬಡಗಿ.

"ಈ ಆಟ ಯಾವಾಗಿನದು?"

"ಗಡಿ ಗೇಟು ತೆಗೆದ ದಿನದ್ದು. ಮುಂದಿನ ಸಲ ಮುಗಿಸೋಣ ಅಂತ ಲಾರಿ ಹತ್ತಿದ್ದ."

"ಮೊದಲ ಪಂಕ್ಚರ್ ಆದ ದಿನ ಎಷ್ಟು ನಡೆ ಆಡಿದ್ರಿ?"

ಬಡಗಿ ತಲೆಯೆತ್ತಿ ನೋಡಿದ. ಸುಳ್ಳು ಹೇಳುವ ಉಮೇದು ಅವನ ಮುಖದಲ್ಲಿರಲಿಲ್ಲ. "ಆರು. ಎರಡನೇ ಸಲ ಎರಡೇ. ಚಕ್ರ ಬದಲಾಯಿಸೋದು ಬೇಗ ಕಲಿತ್ಬಿಟ್ಟ."

"ಹಂಪ್ ತೆಗೆದದ್ದು ಗೊತ್ತಿರಲಿಲ್ವಾ?"

"ಗೊತ್ತಿತ್ತು ಸ್ವಾಮಿ. ಹಂಪ್ ಹೋದ್ರೂ ಶೆಡ್ಡಿನ ಹತ್ರ ಬಂದ್ರೆ ನಿಧಾನ ಮಾಡ್ತಾನೆ ಅಂದ್ಕೊಂಡೆ."

ದಫೇದಾರರು ಮೊಳೆಯ ಡಬ್ಬವೊಂದನ್ನು ಎತ್ತಿ ಜಪ್ತಿ ಪಟ್ಟಿಗೆ ಸೇರಿಸಿದರು.

ಮಧ್ಯಾಹ್ನ 1.20ಕ್ಕೆ ಬಂಧನ. ದಫೇದಾರರು ನಮೂನೆ ತುಂಬುತ್ತ ಬಂದು ಒಂದು ಕಾಲಮ್ಮಿನಲ್ಲಿ ನಿಂತರು.

"ಬಂಧನದ ಸುದ್ದಿ ಯಾರಿಗೆ ತಿಳಿಸ್ಬೇಕಪ್ಪಾ? ಹೆಂಡತಿ, ಅಣ್ಣತಮ್ಮ?"

"ಡ್ರೈವರಿಗೆ ಹೇಳಿ."

"ಅವನೇ ಕಣಯ್ಯಾ ದೂರು ಕೊಟ್ಟಿರೋದು!"

"ಗೊತ್ತು. ಬೇರೆ ಯಾರೂ ಇಲ್ಲ."

ದಫೇದಾರರು ಇನ್‌ಸ್ಪೆಕ್ಟರ್ ಮುಖ ನೋಡಿದರು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಇನ್‌ಸ್ಪೆಕ್ಟರ್ ಜೀಪು ಹತ್ತಿದರು.

ಚಾಲಕ ಎಲ್ಲವನ್ನೂ ಕೇಳಿಸಿಕೊಂಡ. ಪ್ಲಾಸ್ಟರ್ ಹಾಕಿದ ಕಾಲನ್ನು ನೋಡಿಕೊಂಡ.

"ಹುಚ್ಚ ನನ್ಮಗ. ಕೈ ಅಡ್ಡ ಹಾಕಿದ್ರೆ ಆಗ್ತಿತ್ತಲ್ಲ ಸಾರ್."

"ಹಾಕಿದ್ರೆ ನಿಲ್ಲಿಸ್ತಿದ್ಯಾ?"

ಚಾಲಕ ಕಣ್ಣೆತ್ತಲಿಲ್ಲ. "ಹಾಕಿದ್ದ ಸಾರ್. ನಾಲ್ಕೈದು ಸಲ. ಹಾರ್ನ್ ಹೊಡ್ದು ಹೋಗ್ತಿದ್ದೆ. ಗಾಡೀಲಿ ಜಿಪಿಎಸ್ ಇದೆ, ಕಾರಣ ಇಲ್ದೆ ಎಲ್ಲಿ ನಿಂತ್ರೂ ಕಂಪನಿಯವರಿಗೆ ಗೊತ್ತಾಗುತ್ತೆ."

ಇನ್‌ಸ್ಪೆಕ್ಟರ್ ನಮೂನೆಯನ್ನು ಮುಂದೆ ಹಿಡಿದರು. ಸುದ್ದಿ ಮುಟ್ಟಿದವನ ಹೆಸರಿನ ಎದುರು 'ಸಂಬಂಧ' ಎಂಬ ಕಾಲಮ್ಮು ಖಾಲಿಯಿತ್ತು. ಚಾಲಕ ಪೆನ್ನು ಕೇಳಿ ಪಡೆದು, ತನ್ನ ಭಾಷೆಯ ಲಿಪಿಯಲ್ಲಿ ಒಂದೇ ಪದ ಬರೆದ. ಇನ್‌ಸ್ಪೆಕ್ಟರಿಗೆ ಆ ಲಿಪಿ ಬಾರದು. ಏನೆಂದು ಕೇಳದೆ, ಕೆಳಗೆ ಸಮಯ ಹಾಕಿ ಸಹಿ ಮಾಡಿದರು: 2.55.