ಹದಿನಾಲ್ಕನೆಯ ಬನ್

"ಡಜನ್ ಅಂದ್ರೆ ಎಷ್ಟು ಅಂತ ಗೊತ್ತಿಲ್ವಾ ನಿಮಗೆ?"

ಬೇಕರಿಯ ಕಟ್ಟೆಯ ಮೇಲೆ ಅವಳು ಎರಡು ಬನ್ ತಂದಿಟ್ಟಳು. ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬೇಕರಿಯವನು ಅವಳ ಮುಖ ನೋಡಿದ. ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆ ಮುಖದಲ್ಲಿ ಏನೂ ಇರಲಿಲ್ಲ.

"ಹನ್ನೆರಡು ಹೇಳಿದ್ದೆ, ಹದಿನಾಲ್ಕು ಬಂದಿದೆ. ನನಗೆ ಯಾರ ಕನಿಕರವೂ ಬೇಡ. ನಾಳೆಯಿಂದ ಬನ್ನೂ ಬೇಡ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯೆದುರಿನ ಚಹಾದಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಬಂದವರೆಲ್ಲ ಅಯ್ಯೋ ಪಾಪ ಎಂದು ಏನಾದರೂ ಕೊಟ್ಟು ಹೋಗುವವರೇ. ಹಳೇ ಬಟ್ಟೆ, ಉಳಿದ ಅಡುಗೆ, ಬುದ್ಧಿಮಾತು. ಕೊಟ್ಟೂ ಕೊಟ್ಟೂ ಅವಳನ್ನು ಕಲ್ಲು ಮಾಡಿಟ್ಟಿದ್ದರು. ಅಳು ಬರುತ್ತಿರಲಿಲ್ಲ, ನಗುವೂ ಇಲ್ಲ. ಕುದಿಯುವ ಪಾತ್ರೆ ಮುಟ್ಟಿದರೂ ಬಿಸಿ ತಿಳಿಯುವುದು ತಡವಾಗುತ್ತಿತ್ತು... ದಿನಾ ಬರುವ ಬನ್ನುಗಳನ್ನು ಅವಳು ಎಣಿಸಿದವಳೇ ಅಲ್ಲ. ಈ ದಿನ ಚೀಲ ಹರಿದು ಎಲ್ಲ ಮೇಜಿನ ಮೇಲೆ ಉರುಳಿದ್ದಕ್ಕೆ ಲೆಕ್ಕ ಸಿಕ್ಕಿತ್ತು.

ಅವಳು ಅಂಗಡಿಗೆ ಮರಳಿದಾಗ ಲೋಟ ತೊಳೆಯುತ್ತಿದ್ದ ಅತ್ತೆ ವಿಷಯ ಕೇಳಿ ನಕ್ಕರು.

"ಹುಚ್ಚಿ, ಅವನಪ್ಪನ ಕಾಲದಿಂದ ಅಲ್ಲಿ ಡಜನ್ ಅಂದ್ರೆ ಹದಿಮೂರೇ ಕಣೇ. ಒಂದು ಸೀದು ಹೋಗಿದ್ರೂ ಗಿರಾಕಿಗೆ ಕಡಿಮೆ ಬೀಳಬಾರ್ದು ಅಂತ. ಎಲ್ಲರಿಗೂ ಹಾಗೇ ಕೊಡೋದು."

ಅವಳ ಕೈಯ ಸೌಟು ನಿಂತಿತು. ಅನ್ಯಾಯವಾಗಿ ಅಂದುಬಿಟ್ಟೆನಲ್ಲ... ಆದರೆ ಬಂದದ್ದು ಹದಿನಾಲ್ಕು. ಹಾಗಾದರೆ ಇನ್ನೊಂದು?

ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವಳ ಕೈಯಿಂದ ಸೌಟು ಕಿತ್ತುಕೊಂಡು, ಅಂಗಡಿ ತಾನು ನೋಡಿಕೊಳ್ಳುತ್ತೇನೆ, ಹೋಗಿ ಅವನನ್ನೇ ಕೇಳು ಎಂದರು.

ಅವನು ಒಲೆಯಿಂದ ತಟ್ಟೆ ಎಳೆಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಹದಿಮೂರು ಎಲ್ಲರಿಗೂ ಅಂತೆ. ಹದಿನಾಲ್ಕನೆಯದು ಯಾರಿಗೆ?"

"ನಿಮಗೆ." ಅವನು ತಲೆಯೆತ್ತಲಿಲ್ಲ. "ಬೆಳಗಿಂದ ಎಲ್ಲರಿಗೂ ಕೊಡ್ತಾನೇ ಇರ್ತೀರ. ನೀವು ಕೂತು ತಿಂದದ್ದನ್ನ ನಾನು ನೋಡೇ ಇಲ್ಲ."

"ಇದು ಕನಿಕರ ಅಲ್ವಾ?"

"ಕನಿಕರ ಆಗಿದ್ರೆ ನಾಲ್ಕು ಜನರೆದುರು ಕೊಡ್ತಿದ್ದೆ, ಉಳಿದವರ ಹಾಗೆ. ಹೇಳೋಕೆ ಧೈರ್ಯ ಸಾಲದೆ ಚೀಲದ ತಳದಲ್ಲಿ ಇಡ್ತಿದ್ದೆ."

ಅವಳು ಒಳಗೆ ಬಂದು ತಟ್ಟೆಯಿಂದ ಒಂದು ಬನ್ ತೆಗೆದು ಕಚ್ಚಿದಳು. ತಟಕ್ಕನೆ ಬಾಯಿ ತೆರೆದಳು. ಕಣ್ಣಲ್ಲಿ ನೀರು ತುಂಬಿತು.

"ಸುಡ್ತಾ?" ಅವನು ಗಾಬರಿಯಾದ.

"ಹೂಂ... ಸುಡ್ತು." ಅವಳಿಗೇ ಆಶ್ಚರ್ಯವಾಗಿತ್ತು.

ಅವನು ನೀರಿನ ಲೋಟ ಮುಂದೆ ಚಾಚಿದ. "ನಾಳೆ ಎಷ್ಟು ಕಳಿಸಲಿ?"

"ಒಂದು ಡಜನ್."

"ನಿಮ್ಮ ಡಜನ್ನಾ, ನಮ್ಮದಾ?"

"ನಿಮ್ಮದೇ. ಹದಿನಾಲ್ಕನೆಯದನ್ನ ಮಾತ್ರ ಚೀಲಕ್ಕೆ ಹಾಕಬೇಡಿ... ನೀವೇ ಕೈಲಿ ತನ್ನಿ."