ಅಳಿಸಿದ ನಾಲ್ಕು ರಿಪೇರಿಗಳು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸ್ಯಾನ್ ಮಟಿಯೋ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಸೌದಾಮಿನಿ ಪೈ ಎಂಬ ಮಹಿಳೆ ನಿಂತು, ತನ್ನ ಕಾರಿನ ರಿಪೇರಿ ಚೀಟಿಗಳು ಕಳುವಾಗಿವೆ ಎಂದು ದೂರು ಬರೆದುಕೊಳ್ಳಲು ಕೇಳಿದರು. ಕೌಂಟರಿನಲ್ಲಿದ್ದ ಆಫೀಸರ್ ರಾಮಿರೆಜ್ ಎರಡು ನಿಮಿಷ ಕೇಳಿಸಿಕೊಂಡು, ಇದು ಗ್ರಾಹಕರ ವ್ಯಾಜ್ಯ, ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದ. ಆಕೆ ಕದಲಲಿಲ್ಲ. ಕೈಯಲ್ಲಿದ್ದ ಎಕ್ಸ್‌ರೇ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದರು. ಪುಟ್ಟ ಕಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡಾಗಿತ್ತು.

ಕಾಫಿ ತರಲು ಹೊರಟಿದ್ದ ಡಿಟೆಕ್ಟಿವ್ ಶಿವಾನಿ ಅಂಗಡಿ ಆ ಹಾಳೆ ನೋಡಿ ನಿಂತಳು. ಹುಬ್ಬಳ್ಳಿಯಿಂದ ಇಲ್ಲಿಗೆ ವಲಸೆ ಬಂದ ದಂಪತಿಯ ಮಗಳು, ಹನ್ನೆರಡು ವರ್ಷದ ಸರ್ವಿಸು. ದೂರುದಾರರ ಹೆಸರು ಓದಿ, ಕನ್ನಡದಲ್ಲೇ ಒಳಗೆ ಕರೆದಳು.

ಸೌದಾಮಿನಿ ಹೇವರ್ಡ್‌ನಲ್ಲಿ ಮನೆ ಮಾಡಿದ್ದರು. ಕೆಲಸ ಫಾಸ್ಟರ್ ಸಿಟಿಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ. ಐದು ವರ್ಷದ ಮಗಳು ಶ್ರೇಯಾಳ ಡೇಕೇರ್ ಕೂಡ ಆಫೀಸಿನ ಪಕ್ಕದಲ್ಲೇ. ಹಾಗಾಗಿ ದಿನಾ ತಾಯಿ ಮಗಳು ಸ್ಯಾನ್ ಮಟಿಯೋ ಸೇತುವೆ ದಾಟುತ್ತಿದ್ದರು. ಹೊಸ ಕಾರು ಕೊಂಡ ಮೂರನೇ ತಿಂಗಳಿಂದ ಅದು ಓಡುತ್ತಿದ್ದಂತೆಯೇ ಸತ್ತುಬೀಳಲು ಶುರುಮಾಡಿತು. ಎಂಜಿನ್ ಬಂದ್, ಸ್ಟೀರಿಂಗ್ ಬಿಗಿ. ನಾಲ್ಕು ಸಲ ಡೀಲರಿನ ಸರ್ವಿಸ್ ಸೆಂಟರಿಗೆ ಬಿಟ್ಟರು. ನಾಲ್ಕು ಸಲವೂ ಏನೂ ಬದಲಿಸದೆ, ಸಾಫ್ಟ್‌ವೇರ್ ಹೊಸದು ಹಾಕಿದ್ದೇವೆ ಎಂದು ವಾಪಸು ಕೊಟ್ಟರು. ಫೆಬ್ರವರಿ ಇಪ್ಪತ್ತರ ಬೆಳಿಗ್ಗೆ ಸೇತುವೆಯ ನಡುವೆ ಕಾರು ನಿಂತಿತು. ಹಿಂದಿನಿಂದ ವ್ಯಾನೊಂದು ಬಂದು ಗುದ್ದಿತು.

ಕೆಟ್ಟ ಕಾರುಗಳ ಬಗ್ಗೆ ಇಲ್ಲಿರುವ ಕಾನೂನಿಗೆ ಜನ ಲೆಮನ್ ಲಾ ಎನ್ನುತ್ತಾರೆ. ವಾರಂಟಿಯಲ್ಲಿರುವ ಕಾರಿನ ಒಂದೇ ದೋಷವನ್ನು ಸಾಕಷ್ಟು ಅವಕಾಶ ಕೊಟ್ಟರೂ ಸರಿಪಡಿಸದಿದ್ದರೆ, ಕಾರು ತಯಾರಿಸಿದ ಕಂಪನಿ ಹಣ ಕೊಟ್ಟು ಅದನ್ನು ವಾಪಸು ಪಡೆಯಬೇಕು. ಆದರೆ ಅವಕಾಶ ಕೊಟ್ಟಿದ್ದಕ್ಕೆ ದಾಖಲೆ ಬೇಕು. ಸೌದಾಮಿನಿ ನಾಲ್ಕೂ ಚೀಟಿಗಳನ್ನು ಒಂದು ಫೋಲ್ಡರಿನಲ್ಲಿ ಜೋಪಾನವಾಗಿಟ್ಟಿದ್ದರು.

"ಆ ಫೋಲ್ಡರ್ ಯಾರಿಗೆ ಕೊಟ್ರಿ?"

"ಕೇದಾರ ಅಂತ, ಡೀಲರ್ ಹತ್ರ ಸರ್ವಿಸ್ ಅಡ್ವೈಸರ್, ಕಾರು ತಗೊಂಡು ಚೀಟಿ ಬರೆಯೋರು. ದಾವಣಗೆರೆಯವರು. ಶ್ರೇಯಾ ಆಸ್ಪತ್ರೇಲಿದ್ದಾಗ ಅವರೇ ಫೋನ್ ಮಾಡಿ, ಚೀಟಿಗಳನ್ನೆಲ್ಲ ತಂದ್ಕೊಡಿ, ಕಂಪನಿಗೆ ನಾನೇ ಕಳಿಸ್ತೀನಿ ಅಂದ್ರು. ಕನ್ನಡದವರು ಅಂತ ನಂಬಿದೆ."

ಅದು ಫೆಬ್ರವರಿ ಇಪ್ಪತ್ತನಾಲ್ಕು. ಎರಡು ವಾರ ಕಳೆದ ಮೇಲೆ ಡೀಲರಿನಿಂದ ಪತ್ರ ಬಂತು: ಈ ಕಾರು ನಮ್ಮಲ್ಲಿಗೆ ಒಂದೇ ಸಲ ಬಂದಿದೆ, ಅದೂ ಆಯಿಲ್ ಬದಲಿಸಲು. ಫೋಲ್ಡರ್ ಕೇಳಿದರೆ, ಯಾವ ಫೋಲ್ಡರ್ ಎಂದು ಕೇದಾರ ಇಂಗ್ಲಿಷಿನಲ್ಲಿ ಕೇಳಿದನಂತೆ.

ಫೋಟೋ ತೆಗೆದಿಟ್ಟುಕೊಂಡಿರಲಿಲ್ಲ. ಇಮೇಲ್ ಇರಲಿಲ್ಲ. ಎಲ್ಲವೂ ಫೋನಿನಲ್ಲಿ ಆಡಿದ ಮಾತು. ಶಿವಾನಿಗೆ ಮೈ ಉರಿಯಿತು. ಉರಿ ಹೊರಗೆ ತೋರಿಸದೆ, ಕಾರು ಬಿಟ್ಟ ದಿನಗಳಲ್ಲಿ ಆಫೀಸಿಗೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಿದಳು. ಡೀಲರೇ ಬದಲಿ ಕಾರು ಕೊಡುತ್ತಿದ್ದ ಎಂದರು ಸೌದಾಮಿನಿ.

"ಸೇತುವೆಯ ಟೋಲು?"

"ನನ್ನ ಫಾಸ್ಟ್ರಾಕ್ ಟೋಲ್ ಅಕೌಂಟಿಗೆ ಆ ಕಾರಿನ ನಂಬರ್ ಸೇರಿಸ್ತಿದ್ದೆ. ಇಲ್ಲಾಂದ್ರೆ ದಂಡ ಹಾಕ್ತಾರಲ್ಲ."

ಹತ್ತು ಗಂಟೆ ಐವತ್ತಕ್ಕೆ ಆ ಖಾತೆಯ ಪಟ್ಟಿ ಮೇಜಿನ ಮೇಲಿತ್ತು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಾಲ್ಕು ಬೇರೆ ಬೇರೆ ನಂಬರುಗಳು. ಎರಡು ದಿನ, ಮೂರು ದಿನ, ಒಮ್ಮೆ ಆರು ದಿನ. ರಾಮಿರೆಜ್ ನಾಲ್ಕನ್ನೂ ತಪಾಸಣೆ ಮಾಡಿದ. ನಾಲ್ಕೂ ಅದೇ ಡೀಲರಿನ ಹೆಸರಿನಲ್ಲಿ ನೋಂದಾಯಿತವಾಗಿದ್ದವು. ಈ ಸಲ ತಾನೇ ದೂರಿಗೆ ಕ್ರಮಾಂಕ ಹಾಕಿದ.

ಬುಧವಾರ ನ್ಯಾಯಾಧೀಶರಿಂದ ಸರ್ಚ್ ವಾರಂಟ್ ಸಿಕ್ಕಿತು. ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ ಶಿವಾನಿ, ರಾಮಿರೆಜ್ ಇಬ್ಬರೂ ಸರ್ವಿಸ್ ಸೆಂಟರಿಗೆ ಹೋದರು. ಬದಲಿ ಕಾರುಗಳ ಕಡತ ಬೇರೆ ಕೋಣೆಯಲ್ಲಿ, ವಿಮೆಯ ಕಾಗದಗಳ ಜೊತೆ ಇತ್ತು. ಅಲ್ಲಿ ಸೌದಾಮಿನಿಯ ಸಹಿಯಿದ್ದ ನಾಲ್ಕು ಫಾರಂಗಳು ಸಿಕ್ಕವು. ಪ್ರತಿಯೊಂದರಲ್ಲೂ ಕಾರಣದ ಜಾಗದಲ್ಲಿ ಕೇದಾರನ ಕೈಬರಹ: ಓಡುವಾಗ ನಿಲ್ಲುತ್ತದೆ.

ಕಂಪ್ಯೂಟರಿನಲ್ಲಿ ಆ ರಿಪೇರಿಗಳಿರಲಿಲ್ಲ. ಆದರೆ ಯಾರು ಯಾವಾಗ ಏನು ಅಳಿಸಿದರು ಎಂಬುದನ್ನು ಅದೇ ಕಂಪ್ಯೂಟರ್ ಬರೆದಿಟ್ಟುಕೊಂಡಿತ್ತು. ಫೆಬ್ರವರಿ ಇಪ್ಪತ್ತನಾಲ್ಕು, ಸಂಜೆ ಐದು ಐವತ್ತು, ಕೇದಾರನ ಲಾಗಿನ್. ಸೌದಾಮಿನಿ ಫೋಲ್ಡರ್ ಕೊಟ್ಟು ಆಸ್ಪತ್ರೆಗೆ ಮರಳಿ ಒಂದು ಗಂಟೆಯೂ ಆಗಿರಲಿಲ್ಲ. ಕೆಳಗೆ, ಅದೇ ಲಾಗಿನ್ನಿನಿಂದ ಅಳಿಸಿದ ಇನ್ನೂ ಹಲವು ಗ್ರಾಹಕರ ಹೆಸರುಗಳಿದ್ದವು. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತಮೂರು ಕಾರುಗಳು. ಅವುಗಳಲ್ಲಿ ಹದಿನಾರು ಇನ್ನೂ ರಸ್ತೆಯ ಮೇಲಿದ್ದವು.

ಮ್ಯಾನೇಜರ್ ಬಾಗಿಲಲ್ಲಿ ನಿಂತು, ಇದು ಒಬ್ಬ ನೌಕರನ ಅವಿವೇಕ, ಸಂಸ್ಥೆಗೆ ಸಂಬಂಧವಿಲ್ಲ ಎಂದು ಬಾಯಿಪಾಠ ಒಪ್ಪಿಸಿದ. ಶಿವಾನಿ ಅವನ ಮುಖ ನೋಡದೆ, ಆ ಹದಿನಾರು ಮಾಲೀಕರ ಫೋನ್ ನಂಬರುಗಳನ್ನು ಕೇಳಿದಳು. ಸಂಜೆಯವರೆಗೆ ಠಾಣೆಯಲ್ಲಿ ಕೂತು, ಒಬ್ಬೊಬ್ಬರಿಗೂ ಕಾರು ಹೊರಗೆ ತೆಗೆಯಬೇಡಿ ಎಂದು ಹೇಳಿದಳು.

ಶುಕ್ರವಾರ, ಮಾರ್ಚ್ ಹದಿನಾಲ್ಕು, ಮಧ್ಯಾಹ್ನ ಎರಡು ಗಂಟೆಗೆ ಕೇದಾರನನ್ನು ಸರ್ವಿಸ್ ಕೌಂಟರಿನಲ್ಲೇ ಬಂಧಿಸಲಾಯಿತು. ಮೋಸದಿಂದ ಕಾಗದ ಪಡೆದು ನಾಶಮಾಡಿದ್ದು, ಕಂಪ್ಯೂಟರ್ ದಾಖಲೆ ಅಳಿಸಿದ್ದು ಆರೋಪ. ನಲವತ್ತನಾಲ್ಕು ವರ್ಷದ ತೆಳ್ಳಗಿನ ಮನುಷ್ಯ. ಅವನ ಹಕ್ಕುಗಳನ್ನು ಓದಿ ಹೇಳಿದ ಮೇಲೆ, ವಕೀಲರು ಬೇಡ, ಮಾತಾಡುತ್ತೇನೆ ಎಂದ. ವಿಚಾರಣೆಯ ಕೋಣೆಯಲ್ಲಿ ಕೂತೊಡನೆ ದನಿ ತಗ್ಗಿಸಿದ.

"ಮೇಡಂ, ಕನ್ನಡದಲ್ಲಿ ಮಾತಾಡಬಹುದಾ?"

"ಬೇಡ. ಸೌದಾಮಿನಿಯವರ ಹತ್ರ ಆಡಿದ ಕನ್ನಡ ಸಾಕು."

ನಾಲ್ಕು ಫಾರಂಗಳನ್ನು ಒಂದೊಂದಾಗಿ ಮುಂದಿಟ್ಟಾಗ ಮೊದಲೆರಡಕ್ಕೆ ಅವನು ನೆನಪಿಲ್ಲ ಎಂದ. ಮೂರನೆಯದನ್ನು ನೋಡಿ ಕನ್ನಡಕ ತೆಗೆದ. ಫೋಲ್ಡರನ್ನು ಅದೇ ಸಂಜೆ ಯಂತ್ರಕ್ಕೆ ಹಾಕಿ ಚೂರು ಮಾಡಿದ್ದೆ ಎಂದು ಒಪ್ಪಿಕೊಂಡ. ಮಗುವಿನ ಕಾಲು ಮುರಿದದ್ದು ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ಗೊತ್ತಿತ್ತು ಎಂದ. ಶಿವಾನಿ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು.

"ಅಳಿಸು ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ."

ಮುಂದಿನದನ್ನು ಅವನು ತಾನಾಗಿಯೇ ಹೇಳಿದ. ಮೊದಲು ಪ್ಲೆಸೆಂಟನ್‌ನ ಇನ್ನೊಬ್ಬ ಡೀಲರಿನಲ್ಲಿ ಆರು ವರ್ಷ ದುಡಿದಿದ್ದ. ಗ್ರಾಹಕ ಏನು ಹೇಳಿದನೋ ಅದನ್ನೇ ಚೀಟಿಯಲ್ಲಿ ಬರೆಯುತ್ತಿದ್ದ. ಅವನ ಚೀಟಿಗಳ ಬಲದಿಂದ ಮೂರು ಕುಟುಂಬಗಳ ಕೆಟ್ಟ ಕಾರುಗಳನ್ನು ಕಂಪನಿ ವಾಪಸು ಪಡೆಯಬೇಕಾಯಿತು. ಮೂರನೆಯ ಕಾರು ವಾಪಸಾದ ಎರಡು ವಾರಕ್ಕೆ ಅವನನ್ನು ಕೆಲಸದಿಂದ ತೆಗೆದರು. ಒಂದು ವರ್ಷ ಎಲ್ಲೂ ಕೆಲಸ ಸಿಗಲಿಲ್ಲ. ಇಲ್ಲಿ ಸೇರಿದ ಮೇಲೆ, ತಿಂಗಳ ಮೀಟಿಂಗಿನಲ್ಲಿ ಯಾವ ಅಡ್ವೈಸರ್ ನೋಡಿಕೊಂಡ ಕಾರು ಮತ್ತೆ ಮತ್ತೆ ಬರುತ್ತದೋ ಅವನನ್ನು ಮ್ಯಾನೇಜರ್ ಎಲ್ಲರೆದುರು ಎಬ್ಬಿಸಿ ನಿಲ್ಲಿಸುತ್ತಿದ್ದ. ಕೇದಾರ ಎರಡು ಸಲ ನಿಂತ. ಮೂರನೇ ತಿಂಗಳು ಅಳಿಸಲು ಶುರುಮಾಡಿದ, ಅವನ ಹೆಸರು ಬರಲಿಲ್ಲ.

ಮ್ಯಾನೇಜರಿನ ಮೇಲೆ ಮೊಕದ್ದಮೆ ಹೂಡಲು ಬರವಣಿಗೆಯ ಆಧಾರವಿಲ್ಲ ಎಂದು ಸರ್ಕಾರಿ ವಕೀಲರು ಹೇಳಿದರು. ಅವನ ಸಂಸ್ಥೆ ಸೋಮವಾರ ಎಂದಿನಂತೆ ಬಾಗಿಲು ತೆರೆಯಿತು. ಫಾರಂಗಳ ನಕಲು ಕೈಗೆ ಬಂದ ಮೇಲೆ ಸೌದಾಮಿನಿಯ ಕಾರನ್ನು ವಾಪಸು ಪಡೆಯಲು ಕಂಪನಿ ಒಪ್ಪಿತು. ಶ್ರೇಯಾಳ ಕಾಲಿನ ಪಟ್ಟಿ ಬಿಚ್ಚಲು ಇನ್ನೂ ಮೂರು ವಾರವಿತ್ತು. ಶಿವಾನಿ ಅಂತಿಮ ವರದಿಯಲ್ಲಿ, ಆರೋಪಿಯ ಉದ್ದೇಶ ಎಂಬ ಕಲಮಿನಲ್ಲಿ, ನಿಜ ಬರೆದುದಕ್ಕೆ ಆರೋಪಿ ಒಮ್ಮೆ ಕೆಲಸ ಕಳೆದುಕೊಂಡಿದ್ದ ಎಂದು ಬರೆದು, ಮೀಟಿಂಗಿನಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದವನ ಪೂರ್ಣ ಹೆಸರನ್ನೂ ಹುದ್ದೆಯನ್ನೂ ಸೇರಿಸಿ ಸಹಿ ಮಾಡಿದಳು.