ಹಸಿದ ಕೌದಿ

ಕೊನೆಯ ಮೂಲೆ ಮುಚ್ಚುವ ಮೊದಲು, ಹಳೆ ಬಟ್ಟೆ ತೇಪೆಗಳ ಕೌದಿಯ ಹೊಟ್ಟೆಗೆ ಒಂದು ತುಂಡು ರೊಟ್ಟಿ ಇಟ್ಟು ಹೊಲಿಯುವುದು ಆ ಸೀಮೆಯ ಪದ್ಧತಿ. ಕೌದಿ ಹೊಲಿಯುವ ಸೈದಾಬೀ ರೊಟ್ಟಿ ಮುರಿದಾಗ ಸಾವಂತ್ರಮ್ಮ ನಕ್ಕುಬಿಟ್ಟಳು. ಅವಳು ನ್ಯಾಮತಿಯ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಉಪಾಧ್ಯಾಯಿನಿ, ಇಪ್ಪತ್ನಾಲ್ಕಕ್ಕೇ ವಿಧವೆ. ಅವಳಿಗೆ ಬೇಕಾಗಿದ್ದುದು ಬೀದಿ ಕಿಟಕಿಗೊಂದು ಪರದೆ, ಅಷ್ಟೆ.

“ಇರುವೆ ಮುತ್ತುತಾವೆ, ಬ್ಯಾಡ. ರೊಟ್ಟಿ ಕೊಟ್ರೆ ನಾಳೆ ಸಾರೂ ಕೇಳ್ತೈತೆ.”

ಸೈದಾಬೀ ನಗಲಿಲ್ಲ. “ಹತ್ತು ಮಂದಿ ಮೈಮೇಲಿದ್ದ ಬಟ್ಟೆ ಐತ್ರೀ ಅಮ್ಮಾರೆ. ಹಸಿದ್ರೆ ನಿಮ್ಮನ್ನೇ ನೋಡಿ ಹೊಟ್ಟೆ ತುಂಬಿಸ್ಕೊಂತೈತೆ.”

ರೊಟ್ಟಿ ಇಡದೆಯೇ ಮೂಲೆ ಹೊಲಿದು, ಕೌದಿಯನ್ನು ಕಿಟಕಿಗೆ ಕಟ್ಟಿದ್ದಾಯಿತು. ಪರದೆಯ ಮರೆಯಲ್ಲಿ ಸಾವಂತ್ರಮ್ಮ ಪ್ರತಿ ಸಂಜೆ ಜಡೆ ಬಿಚ್ಚಿ, ಮದುವೆಯ ಹಸಿರು ಬಳೆ ತೊಟ್ಟು, ಎದುರಿನ ಖಾಲಿ ಚಾಪೆಗೆ ಅಂದಿನ ಸುದ್ದಿ ಹೇಳುತ್ತಿದ್ದಳು. ಅಲ್ಲಿ ಸತ್ತ ಗಂಡ ಕೂತು ಕೇಳುತ್ತಾನೆ ಎಂಬುದು ಅವಳೊಬ್ಬಳ ಗುಟ್ಟು. ಊರಿಗೆ ತಿಳಿದರೆ ಮಾನವೂ ಉಳಿಯದು, ಕೆಲಸವೂ ಉಳಿಯದು.

ಮೂರನೆಯ ಸಂಜೆ ಕೌದಿಯಿಂದ ಹಳೆಯ ಬೆವರು, ಹರಳೆಣ್ಣೆ, ಮಗು ಕಕ್ಕಿದ ಹಾಲಿನ ವಾಸನೆ ಎದ್ದಿತು. ಬಟ್ಟೆಯನ್ನು ಸೂಜಿ ಚುಚ್ಚುವಂಥ ಸಣ್ಣ ಸದ್ದು. ಅವಳು ಮಾತು ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು. ಬೆನ್ನು ತಿರುಗಿಸಿದರೆ ಕತ್ತಿನ ಮೇಲೆ ಯಾರದೋ ನೋಟ.

ಏಳನೆಯ ಸಂಜೆ ಬೀದಿಯಲ್ಲಿ ಗುಸುಗುಸು. ಸೈದಾಬೀ ಬಾಗಿಲಲ್ಲಿ ನಿಂತು ಮೆಲ್ಲಗೆ ಕರೆದಳು. “ಹೊರಗ್ ಬರ್ರಿ. ಶಾಲೆ ಕಮಿಟಿ ಓಂಕಾರಪ್ಪನೋರು ಇತ್ಲಾಗೇ ಬರಾಕತ್ಯಾರೆ.”

ಸಾವಂತ್ರಮ್ಮ ಬಳೆ ತೆಗೆದಿಟ್ಟು ಹೊರಗೆ ಹೋದಳು. ಬಿಂದಿಗೆ ಹೊತ್ತ ಹೆಂಗಸರು ಕಿಟಕಿಯ ಮುಂದೆ ನಿಂತಿದ್ದರು. ಕೌದಿಯ ಬೀದಿ ಮಗ್ಗುಲಲ್ಲಿ ಕರಿ ದಾರದ ಚಿತ್ರ: ಬಿಚ್ಚಿದ ಕೂದಲು, ಬಳೆ ತೊಟ್ಟ ಕೈ. ಎದುರಿಗೆ ಚಾಪೆಯ ಮೇಲೆ ಒಬ್ಬ ಗಂಡಸು. ಗಲ್ಲದ ಮಚ್ಚೆ. ಓರೆ ನಗು. ಅವನೇ.

ಸರಳುಗಳ ನಡುವೆ ಕೈ ತೂರಿಸಿ ದಾರದ ತುದಿ ಹಿಡಿದಳು.

“ಎಳೀಬ್ಯಾಡ್ರಿ,” ಸೈದಾಬೀ ಮಣಿಕಟ್ಟು ಹಿಡಿದಳು. “ಅದು ನಿಮ್ಮೊಳಗಿಂದ ತಿಂದಿದ್ದು. ದಾರದ ಸಂಗಾಟ ಅದೂ ಹೋಗ್ತೈತೆ.”

ತಿರುವಿನಲ್ಲಿ ಬೆತ್ತದ ಸದ್ದು. ಸಾವಂತ್ರಮ್ಮ ಎಳೆದಳು. ಬಳೆ ಬಿಚ್ಚಿತು. ಕೂದಲು ಬಿಚ್ಚಿತು. ಅವನ ಭುಜ. ಮಚ್ಚೆ. ನಗು. ಪ್ರತಿ ಎಳೆತಕ್ಕೂ ಎದೆಯೊಳಗೆ ಏನೋ ಬರಿದಾಯಿತು. ನಿಲ್ಲಿಸಲಿಲ್ಲ.

ಓಂಕಾರಪ್ಪ ಬಂದಾಗ ಬರೀ ತೇಪೆಗಳಿದ್ದವು. ಏನು ಗುಂಪು ಎಂದು ಕೇಳಿದರು. ಹೆಂಗಸರು ಒಬ್ಬೊಬ್ಬರೇ ಸರಿದರು. ಕೆಲಸ ಉಳಿಯಿತು.

ಸಾವಂತ್ರಮ್ಮ ಬಾಗಿಲು ಹಾಕಿ ಚಾಪೆಯ ಮುಂದೆ ಕೂತಳು. ಅವನು ಎತ್ತರವೋ, ಗಿಡ್ಡವೋ? ನೆನಪಾಗಲಿಲ್ಲ. ಗಂಡನ ಹೆಸರನ್ನು ಹೆಂಡತಿ ಆಡಬಾರದೆಂದು ಅವಳು ಎಂದೂ ಆಡಿದವಳಲ್ಲ. ಈಗ ಆಡಲು ಬಾಯಿ ತೆರೆದಳು.

ಬಾಯಿ ತೆರೆದೇ ಇತ್ತು.